ಎಸ್‌ಟಿಪಿ ರಿಪೋರ್ಟ್ ಪಾಸ್, ಆದರೂ ಫ್ಲಶ್ ನೀರು ನಾತ ಯಾಕೆ?

ಪ್ರಶ್ನೆ: ಬೆಂಗಳೂರಿನ ವರ್ತೂರು ಕಡೆ 120 ಫ್ಲಾಟ್‌ಗಳ ಅಪಾರ್ಟ್‌ಮೆಂಟ್ ನಮ್ಮದು. ಈ ವರ್ಷ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ನಾನು ಓದಿದ್ದು ಕಾಮರ್ಸ್. ಲ್ಯಾಬ್ ರಿಪೋರ್ಟ್‌ನಲ್ಲಿ ಪಿಎಚ್ 7.4, ಬಿಒಡಿ 8, ಸಿಒಡಿ 46, ಟಿಎಸ್‌ಎಸ್ 12, ಫೀಕಲ್ ಕೋಲಿಫಾರ್ಮ್ 79 ಎಂಪಿಎನ್ ಎಂದಿದೆ. ಆಪರೇಟರ್ ಪುಸ್ತಕದಲ್ಲಿ ಎಂಎಲ್‌ಎಸ್‌ಎಸ್ 1100, ಎಸ್‌ವಿ30 80 ಎಂದು ಬರೆದಿದ್ದಾರೆ. ಗಾಳಿ ಊದುವ ಏರೇಶನ್ ಟ್ಯಾಂಕ್ 50 ಸಾವಿರ ಲೀಟರಿನದು, ಅದರ ಮೇಲೆ ಬಿಳಿ ನೊರೆ. ಫ್ಲಶ್‌ಗೆ ಬರುವ ನೀರು ತೆಳು ಹಳದಿ, ಬೆಳಿಗ್ಗೆ ಹೊತ್ತು ಮೂತ್ರದ ವಾಸನೆ. ಕೇಳಿದರೆ 'ಎಲ್ಲಾ ಪ್ಯಾರಾಮೀಟರ್ ನಾರ್ಮಲ್ ಸಾರ್' ಅನ್ನುತ್ತಾರೆ. ಈ ಪದಗಳೆಲ್ಲ ಏನು? ಲ್ಯಾಬ್‌ನವರು ಸುಮ್ನೆ ನಂಬರ್ ಬರೆದುಕೊಟ್ಟಿದ್ದಾರಾ?

ಉತ್ತರ: ಹಾಗೇ ಇರಬೇಕು ಅಂತೇನಿಲ್ಲ. ಆ ನಂಬರ್‌ಗಳೂ ನಿಜ, ನಿಮ್ಮ ಮೂಗೂ ನಿಜ ಇರಬಹುದು. ನಿಮ್ಮ ಪಟ್ಟಿಯಲ್ಲಿ ಅಮೋನಿಯ ಇಲ್ಲ ನೋಡಿ. ನಿಮ್ಮ ತೊಂದರೆ ಹೆಚ್ಚುಕಡಿಮೆ ಅಲ್ಲೇ ಇದೆ ಅಂತ ನನ್ನ ಲೆಕ್ಕ. ಬಿಒಡಿ ಪರೀಕ್ಷೆಗಾಗಲಿ ಸಿಒಡಿ ಪರೀಕ್ಷೆಗಾಗಲಿ ಅಮೋನಿಯ ಸಿಕ್ಕಿಬೀಳುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಆ ಎರಡು ಪರೀಕ್ಷೆಗಳನ್ನು ಹೇಗೆ ಮಾಡುತ್ತಾರೆ ಅಂತ ನೋಡಬೇಕು.

ಬಿಒಡಿ ಅಂದರೆ ನೀರಿನಲ್ಲಿರುವ ಯಾವುದೋ ವಸ್ತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಂಥ ವಸ್ತು ಇಲ್ಲ. ಕೊಳಚೆಯಲ್ಲಿರುವ ಕೊಳೆಯುವ ಪದಾರ್ಥವನ್ನು ಬ್ಯಾಕ್ಟೀರಿಯ ತಿನ್ನುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಅನ್ನುವುದೇ ಬಿಒಡಿ. ಸ್ಯಾಂಪಲ್ ನೀರನ್ನು ತೆಳು ಮಾಡಿ, ಗಾಳಿ ಆಡದಂತೆ ಬಾಟಲಿಯಲ್ಲಿ ಮುಚ್ಚಿ, ಕತ್ತಲಲ್ಲಿ ಇಡುತ್ತಾರೆ. ಮೊದಲು ಎಷ್ಟು ಆಮ್ಲಜನಕ ಕರಗಿತ್ತು, ಕೊನೆಗೆ ಎಷ್ಟು ಉಳಿಯಿತು ಅಂತ ಅಳೆಯುತ್ತಾರೆ. ನಮ್ಮ ದೇಶದಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡುವುದು ರೂಢಿ. ಹೊರದೇಶಗಳಲ್ಲಿ 20 ಡಿಗ್ರಿಯಲ್ಲಿ 5 ದಿನ. ಆ 5 ದಿನದ ಪರೀಕ್ಷೆ ಬ್ರಿಟನ್ನಿನ ಕೊಳಚೆ ನೀರಿನ ರಾಯಲ್ ಕಮಿಷನ್ ಕಾಲದ್ದು. 1912ರ ವರದಿಯಲ್ಲಿ ಅವರು ಬಿಒಡಿ 20, ತೇಲುವ ಘನ 30 ಅಂತ ಮಿತಿ ಹಾಕಿದರು. ಅದೂ, ಬಿಟ್ಟ ನೀರಿನ ಎಂಟು ಪಟ್ಟು ಶುದ್ಧ ನೀರು ನದಿಯಲ್ಲಿ ಇದ್ದರೆ ಮಾತ್ರ. ನಮ್ಮ ಎಷ್ಟೋ ರಾಜಕಾಲುವೆಗಳಲ್ಲಿ ಬೇಸಿಗೆಯಲ್ಲಿ ಹರಿಯುವುದೇ ಕೊಳಚೆ. ಎಂಟು ಪಟ್ಟು ಎಲ್ಲಿಂದ ತರೋಣ?

ಇದರಿಂದ ನಿಮಗೆ ಒಂದು ಒಳ್ಳೆಯ ಆಯುಧ ಸಿಗುತ್ತದೆ. ರಿಪೋರ್ಟ್‌ನಲ್ಲಿ ಸ್ಯಾಂಪಲ್ ಬಂದ ತಾರೀಖು ಮತ್ತು ಪರೀಕ್ಷೆ ಮುಗಿದ ತಾರೀಖು ನೋಡಿ. ಎರಡರ ನಡುವೆ ಕನಿಷ್ಠ 3 ದಿನ ಇಲ್ಲದಿದ್ದರೆ ಬಿಒಡಿ ಅಳೆದೇ ಇಲ್ಲ. ಆಗ ಲ್ಯಾಬ್‌ನವರ ಮೇಲೆ ಅನುಮಾನ ಪಡಿ, ನಾನೂ ನಿಮ್ಮ ಜೊತೆ ಸೇರುತ್ತೇನೆ. ಸ್ಯಾಂಪಲ್ ಐಸ್ ಬಾಕ್ಸ್‌ನಲ್ಲಿ ಹೋಯಿತಾ ಅನ್ನುವುದನ್ನೂ ಕೇಳಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಅರ್ಧ ದಿನ ಸುತ್ತಿದ ಬಾಟಲಿಯೊಳಗೆ ಬ್ಯಾಕ್ಟೀರಿಯ ದಾರಿಯಲ್ಲೇ ಕೆಲಸ ಶುರು ಮಾಡಿಬಿಟ್ಟಿರುತ್ತವೆ. ಬಿಒಡಿ ಇರುವುದಕ್ಕಿಂತ ಕಡಿಮೆ ಬರುತ್ತದೆ.

ಸಿಒಡಿಯೂ ಆಮ್ಲಜನಕದ ಲೆಕ್ಕವೇ, ಆದರೆ ಅದಕ್ಕೆ ಬ್ಯಾಕ್ಟೀರಿಯದ ಹಂಗಿಲ್ಲ. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಾಢ ಸಲ್ಫ್ಯೂರಿಕ್ ಆಮ್ಲ ಹಾಕಿ, ಸುಮಾರು 150 ಡಿಗ್ರಿಯಲ್ಲಿ 2 ಗಂಟೆ ಕುದಿಸುತ್ತಾರೆ. ಬ್ಯಾಕ್ಟೀರಿಯ ತಿನ್ನುವುದೂ ಉರಿಯುತ್ತದೆ, ತಿನ್ನಲಾಗದ್ದೂ ಬಹುಪಾಲು ಉರಿಯುತ್ತದೆ. ಹಾಗಾಗಿ ಒಂದೇ ನೀರಿನಲ್ಲಿ ಸಿಒಡಿ ಯಾವಾಗಲೂ ಬಿಒಡಿಗಿಂತ ಜಾಸ್ತಿ ಬರಬೇಕು. ಉಲ್ಟಾ ಬಂದ ರಿಪೋರ್ಟ್ ಕಂಡರೆ ವಾಪಸ್ ಕಳಿಸಿ. ಮನೆಗಳ ಹಸಿ ಕೊಳಚೆಯಲ್ಲಿ ಬಿಒಡಿ 250ರ ಆಸುಪಾಸು, ಸಿಒಡಿ 500ರ ಆಸುಪಾಸು ಇರುತ್ತದೆ. ಎರಡೂ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಅಂದರೆ ಬಿಒಡಿಯ ಎರಡು ಪಟ್ಟು. ಶುದ್ಧವಾದ ಮೇಲೆ ಈ ಅಂತರ ಹಿಗ್ಗುತ್ತದೆ. ನಿಮ್ಮಲ್ಲಿ 8 ಮತ್ತು 46, ಸುಮಾರು ಆರು ಪಟ್ಟು. ತಿನ್ನುವುದನ್ನೆಲ್ಲ ಬ್ಯಾಕ್ಟೀರಿಯ ತಿಂದು ಮುಗಿಸಿವೆ, ತಿನ್ನಲಾಗದ್ದು ಉಳಿದಿದೆ. ಆ ಹಳದಿ ಬಣ್ಣವೂ ಇದೇ ಗುಂಪಿನದು. ಅದನ್ನು ಹಿಡಿಯಬೇಕಾದ್ದು ಕಾರ್ಬನ್ ಫಿಲ್ಟರ್. ಒಳಗಿನ ಇದ್ದಿಲು ಕೊನೆಯ ಸಲ ಯಾವಾಗ ಬದಲಾಯಿಸಿದರು ಅಂತ ಆಪರೇಟರ್‌ನ ಕೇಳಿ. ಬ್ಯಾಕ್‌ವಾಶ್ ಮಾಡಿದರೆ, ಅಂದರೆ ನೀರನ್ನು ಉಲ್ಟಾ ಹರಿಸಿ ತೊಳೆದರೆ, ಇದ್ದಿಲಿನ ಮೇಲಿನ ಕೊಳೆ ಹೋಗುತ್ತದೆ, ತೀರಿಹೋದ ಶಕ್ತಿ ಮರಳುವುದಿಲ್ಲ. ಹಳದಿಗೆ ಇಷ್ಟೇ ಸಾಕು. ತೆಳು ಹಳದಿ ನೋಡಲು ಚೆನ್ನಾಗಿಲ್ಲ, ಬೇರೆ ತೊಂದರೆ ಕಡಿಮೆ.

ಈಗ ಅಮೋನಿಯ. ಮೂತ್ರದಲ್ಲಿರುವ ಯೂರಿಯ ಪೈಪಿನಲ್ಲೇ ಒಡೆದು ಅಮೋನಿಯ ಆಗುತ್ತದೆ. ಹಸಿ ಕೊಳಚೆಯಲ್ಲಿ ಅಮೋನಿಯ ರೂಪದ ನೈಟ್ರೋಜನ್ ಲೀಟರಿಗೆ 25ರಿಂದ 40 ಮಿಲಿಗ್ರಾಂ ಇರುವುದು ಸಾಮಾನ್ಯ. ಡೈಕ್ರೋಮೇಟ್ ಇದನ್ನು ಮುಟ್ಟುವುದಿಲ್ಲ. ಹಾಗಾಗಿ ಸಿಒಡಿಯಲ್ಲಿ ಕಾಣುವುದಿಲ್ಲ. ಅಮೋನಿಯ ತಿಂದು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳ ಜಾತಿಯೇ ಬೇರೆ, ಅವಕ್ಕೆ ನೈಟ್ರಿಫೈಯರ್ ಅನ್ನುತ್ತಾರೆ. ಅವು ಬಲು ನಿಧಾನ. ಸ್ಯಾಂಪಲ್‌ನಲ್ಲಿ ಅವು ಇಲ್ಲದಿದ್ದರೆ ಬಾಟಲಿಯ ಆ 3 ದಿನದಲ್ಲಿ ಅಮೋನಿಯಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಬಿಒಡಿಯಲ್ಲೂ ಕಾಣುವುದಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಪ್ಲಾಂಟ್ ಚೆನ್ನಾಗಿ ನಡೆಯುತ್ತಾ ಸ್ವಲ್ಪ ಅಮೋನಿಯ ಉಳಿಸಿಕೊಂಡಿದ್ದರೆ, ಹೊರಬರುವ ನೀರಿನಲ್ಲಿ ನೈಟ್ರಿಫೈಯರ್‌ಗಳೂ ಇರುತ್ತವೆ. ಅವು ಬಾಟಲಿಯೊಳಗೂ ಕೆಲಸ ಮುಂದುವರಿಸಿ ಆಮ್ಲಜನಕ ಕುಡಿಯುತ್ತವೆ. ಬಿಒಡಿ ಜಾಸ್ತಿ ಬರುತ್ತದೆ. ನೈಟ್ರಿಫೈಯರ್‌ಗಳೇ ಇಲ್ಲದ ಪ್ಲಾಂಟಿನ ಬಿಒಡಿ ಅದಕ್ಕಿಂತ ಚೆಂದ ಕಾಣಬಹುದು. ಅದಕ್ಕೇ ಕೆಲವು ಲ್ಯಾಬ್‌ಗಳು ನೈಟ್ರಿಫೈಯರ್‌ಗಳನ್ನು ತಡೆಯುವ ರಾಸಾಯನಿಕ ಹಾಕಿ ಅಳೆದು 'ಕಾರ್ಬನೇಶಿಯಸ್ ಬಿಒಡಿ' ಅಥವಾ ಸಿಬಿಒಡಿ ಅಂತ ಬೇರೆಯಾಗಿ ಬರೆಯುತ್ತವೆ.

ಪಟ್ಟಿಯಲ್ಲಿ ಅಮೋನಿಯ ಯಾಕಿಲ್ಲ? ಕೇಂದ್ರ ಸರ್ಕಾರದ 2015ರ ಕರಡು ಮಾನದಂಡದಲ್ಲಿ ಅದಕ್ಕೆ 5 ಅನ್ನುವ ಮಿತಿ ಇತ್ತು. 2017ರ ಅಕ್ಟೋಬರ್‌ನ ಅಂತಿಮ ಅಧಿಸೂಚನೆಯಲ್ಲಿ ಅದು ಬಿಟ್ಟುಹೋಯಿತು. ಪಿಎಚ್, ಬಿಒಡಿ, ಟಿಎಸ್‌ಎಸ್, ಫೀಕಲ್ ಕೋಲಿಫಾರ್ಮ್ ಇಷ್ಟೇ ಉಳಿದವು. ಮಹಾನಗರಗಳಿಗೆ ಬಿಒಡಿ ಮಿತಿ 20 ಆಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದು ಸಾಲದು ಅಂತ ಬಿಒಡಿ 10, ಸಿಒಡಿ 50, ಒಟ್ಟು ನೈಟ್ರೋಜನ್ 10ಕ್ಕೆ ಇಳಿಸಲು ಹೇಳಿತು. ನಿಮಗೆ ಲೆಕ್ಕಕ್ಕೆ ಬರುವುದು ನಿಮ್ಮ ಕಟ್ಟಡಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದಲ್ಲಿರುವ ಪಟ್ಟಿ. ಎಲ್ಲರೂ ಸಿಎಫ್‌ಒ ಅನ್ನುತ್ತಾರಲ್ಲ, ಅದೇ. ಅದನ್ನು ತೆಗೆದು ಓದಿ. ಅಲ್ಲಿ ಅಮೋನಿಯ ಇದ್ದೂ ಲ್ಯಾಬ್ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ರಿಪೋರ್ಟೇ ಅರ್ಧ.

ಅಮೋನಿಯ ಯಾಕೆ ಉಳಿಯುತ್ತಿದೆ ಅನ್ನುವುದಕ್ಕೆ ಸುಳಿವು ನಿಮ್ಮ ಆಪರೇಟರ್ ಪುಸ್ತಕದಲ್ಲಿದೆ. ನನ್ನ ಮಟ್ಟಿಗೆ ಲ್ಯಾಬ್ ರಿಪೋರ್ಟ್‌ಗಿಂತ ಆ ಕೊಳಕು ಪುಸ್ತಕಕ್ಕೇ ಬೆಲೆ ಜಾಸ್ತಿ. ಲ್ಯಾಬ್ ನಂಬರ್ ಆಫೀಸಿಗೆ ಬೇಕು, ಅದೂ ಮೂರು ದಿನ ತಡ. ಟ್ಯಾಂಕಿನ ನಂಬರ್ ಇವತ್ತಿನ ಸ್ಥಿತಿ ಹೇಳುತ್ತದೆ.

ಎಂಎಲ್‌ಎಸ್‌ಎಸ್ ಅಂದರೆ ಏರೇಶನ್ ಟ್ಯಾಂಕಿನ ನೀರಿನಲ್ಲಿ ತೇಲಾಡುವ ಕೆಸರಿನ ತೂಕ. ಆ ಕೆಸರಿನಲ್ಲಿ ಬಹುಪಾಲು ಜೀವಂತ ಮತ್ತು ಸತ್ತ ಬ್ಯಾಕ್ಟೀರಿಯ, ಉಳಿದದ್ದು ಮಣ್ಣು ಮಸಿ. ಬರೀ ಜೈವಿಕ ಭಾಗವನ್ನು ಹೇಳುವಾಗ ಎಂಎಲ್‌ವಿಎಸ್‌ಎಸ್ ಅನ್ನುತ್ತಾರೆ. ಅದು ಒಟ್ಟಿನ ಮುಕ್ಕಾಲು ಪಾಲಿನಷ್ಟು ಇರುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿರುವ, ಹೆಚ್ಚು ಹೊತ್ತು ಗಾಳಿ ಊದುವ ಎಕ್ಸ್‌ಟೆಂಡೆಡ್ ಏರೇಶನ್ ಮಾದರಿಗೆ ಎಂಎಲ್‌ಎಸ್‌ಎಸ್ 3000ದಿಂದ 5000 ಬೇಕು. ನಿಮ್ಮದು 1100. ನಿಮ್ಮ ಪ್ಲಾಂಟ್ ಎಂಬಿಬಿಆರ್ ಆಗಿದ್ದರೆ, ಅಂದರೆ ಟ್ಯಾಂಕಿನಲ್ಲಿ ಪ್ಲಾಸ್ಟಿಕ್ ಚಕ್ರಗಳು ತೇಲುತ್ತಿದ್ದರೆ, ಈ ಲೆಕ್ಕ ಬಿಡಿ. ಅಲ್ಲಿ ಬ್ಯಾಕ್ಟೀರಿಯ ಚಕ್ರಗಳಿಗೆ ಅಂಟಿರುತ್ತವೆ. ಆದರೆ ನಿಮ್ಮ ಆಪರೇಟರ್ ಎಸ್‌ವಿ30 ಬರೆದಿಡುತ್ತಿದ್ದಾರೆ ಅಂದಮೇಲೆ ಹಾಗಿರಲಾರದು.

ಎಫ್‌ಎಂ ರೇಶಿಯೋ ಅಂತ ಒಂದು ಪದ ಕೇಳಿರಬಹುದು. ದಿನಕ್ಕೆ ಬರುವ ಆಹಾರಕ್ಕೂ, ತಿನ್ನಲು ಕೂತಿರುವವರ ತೂಕಕ್ಕೂ ಇರುವ ಅನುಪಾತ. ನೀವು ಕಾಮರ್ಸ್ ಅಂದಿರಿ, ಲೆಕ್ಕ ಹಾಕೋಣ. 120 ಮನೆ, ಮನೆಗೆ 4 ಜನ, ತಲೆಗೆ ದಿನಕ್ಕೆ 135 ಲೀಟರ್. ಅದರಲ್ಲಿ ಶೇಕಡಾ 80 ಕೊಳಚೆಯಾಗುತ್ತದೆ ಅಂದರೆ ಸುಮಾರು 52 ಸಾವಿರ ಲೀಟರ್, ಎಸ್‌ಟಿಪಿ ಭಾಷೆಯಲ್ಲಿ 52 ಕೆಎಲ್‌ಡಿ. ಲೀಟರಿಗೆ 250 ಮಿಲಿಗ್ರಾಂ ಬಿಒಡಿ ಅಂದರೆ ದಿನಕ್ಕೆ 13 ಕೆಜಿ ಆಹಾರ. ತಿನ್ನುವವರು? 50 ಸಾವಿರ ಲೀಟರ್ ಟ್ಯಾಂಕಿನಲ್ಲಿ ಲೀಟರಿಗೆ 1100 ಮಿಲಿಗ್ರಾಂ, ಅಂದರೆ 55 ಕೆಜಿ. 13ನ್ನು 55ರಿಂದ ಭಾಗಿಸಿ. 0.24 ಬರುತ್ತದೆ. ನಿಮ್ಮಂಥ ಪ್ಲಾಂಟಿಗೆ ಇದು 0.05ರಿಂದ 0.15ರ ಒಳಗೆ ಇರಬೇಕು. ಆಹಾರ ಜಾಸ್ತಿ, ಜನ ಕಡಿಮೆ. ಬಿಳಿ ನೊರೆಯೂ ಅದನ್ನೇ ಹೇಳುತ್ತದೆ. ಕೆಸರು ಎಳೆಯದಾಗಿದ್ದಾಗ ಹಗುರ ಬಿಳಿ ನೊರೆ ಬರುತ್ತದೆ. ಕೆಸರು ತುಂಬ ಹಳತಾದರೆ ದಪ್ಪ ಕಂದು ಕೆನೆ ಕಟ್ಟುತ್ತದೆ.

ಕೆಸರು ಎಳೆಯದು ಅಂದೆನಲ್ಲ, ಇದಕ್ಕೆ ಸ್ಲಜ್ ಏಜ್ ಅನ್ನುತ್ತಾರೆ. ಒಂದು ಬ್ಯಾಕ್ಟೀರಿಯ ಪ್ಲಾಂಟಿನೊಳಗೆ ಸರಾಸರಿ ಎಷ್ಟು ದಿನ ಇರುತ್ತದೆ ಅನ್ನುವ ಲೆಕ್ಕ. ಎಕ್ಸ್‌ಟೆಂಡೆಡ್ ಏರೇಶನ್‌ನಲ್ಲಿ ಇದು ಎರಡು ಮೂರು ವಾರ, ಅದಕ್ಕೂ ಜಾಸ್ತಿ ಇರುತ್ತದೆ. ಬಿಒಡಿ ತಿನ್ನುವ ಬ್ಯಾಕ್ಟೀರಿಯ ಬೇಗ ಬೇಗ ಮರಿ ಹಾಕುತ್ತವೆ, ಕೆಸರು ಎಳೆಯದಿದ್ದರೂ ಅವು ಬದುಕಿಕೊಳ್ಳುತ್ತವೆ. ನೈಟ್ರಿಫೈಯರ್‌ಗಳು ಹಾಗಲ್ಲ. ಅವು ದುಪ್ಪಟ್ಟಾಗುವಷ್ಟರಲ್ಲಿ ಆಪರೇಟರ್ ಕೆಸರನ್ನು ಹೊರಗೆ ಹಾಕಿಬಿಟ್ಟರೆ ಮುಗೀತು. ನಿಮ್ಮ ಬಿಒಡಿ ಪಾಸ್ ಆಗಿ ಅಮೋನಿಯ ಫೇಲ್ ಆಗುವುದು ಹೀಗೆ. ಕೆಸರು ಹಿಂಡುವ ಫಿಲ್ಟರ್ ಪ್ರೆಸ್‌ಗೆ ದಿನಾ ಎಷ್ಟು ಕೆಸರು ಹೋಗುತ್ತಿದೆ ಅಂತ ವಿಚಾರಿಸಿ. ರಾತ್ರಿ ಯಾರೂ ನೋಡದ ಹೊತ್ತಲ್ಲಿ ಕೆಸರು ಚರಂಡಿಗೆ ಹೋಗುತ್ತಿದೆಯಾ ಅನ್ನುವುದನ್ನೂ ನೋಡಿಕೊಳ್ಳಿ. ಕೆಲವು ಕಡೆ ಪ್ರೆಸ್ ಕೆಟ್ಟು ವರ್ಷವಾಗಿರುತ್ತದೆ, ಪುಸ್ತಕದಲ್ಲಿ ಮಾತ್ರ ದಿನಾ ಓಡುತ್ತಿರುತ್ತದೆ.

ಈ ಕೆಸರನ್ನು ಉಳಿಸಿಕೊಳ್ಳುವ ವಿದ್ಯೆಯ ಹೆಸರೇ ಆಕ್ಟಿವೇಟೆಡ್ ಸ್ಲಜ್. ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಇದನ್ನು ಪ್ರಕಟಿಸಿದರು. ಕೊಳಚೆಗೆ ಗಾಳಿ ಊದಿದರೆ ಪೂರ್ತಿ ನೈಟ್ರಿಫಿಕೇಶನ್ ಆಗಲು ಮೊದಲು ವಾರಗಟ್ಟಲೆ ಹಿಡಿಯಿತು. ತಳದ ಕೆಸರನ್ನು ಎಸೆಯದೆ ಮತ್ತೆ ಹೊಸ ಕೊಳಚೆಗೆ ಸೇರಿಸುತ್ತಾ ಹೋದ ಹಾಗೆ ಅದು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಅವರು ಗೆದ್ದೆವೋ ಸೋತೆವೋ ಅಂತ ಅಳೆದದ್ದು ಅಮೋನಿಯದಿಂದಲೇ ಅನ್ನುವುದನ್ನು ಗಮನಿಸಿ. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಪ್ರೊಫೆಸರ್ ಆಗಿ ಬಂದರು. ಈ ಊರಿಗೂ ಕೊಳಚೆ ವಿಜ್ಞಾನಕ್ಕೂ ನೂರು ವರ್ಷ ಮೀರಿದ ನಂಟು. ವರ್ತೂರು, ಬೆಳ್ಳಂದೂರು ಕೆರೆ ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಅದು ಬೇರೆ ಮಾತು.

ಎಸ್‌ವಿ30 ಪರೀಕ್ಷೆಯನ್ನು ನೀವೇ ಮಾಡಬಹುದು. ಒಂದು ಲೀಟರ್ ಅಳತೆ ಜಾರಿನಲ್ಲಿ ಏರೇಶನ್ ಟ್ಯಾಂಕಿನ ನೀರು ತುಂಬಿ, ಅಲುಗಾಡಿಸದೆ 30 ನಿಮಿಷ ಬಿಡಿ. ಕೆಸರು ತಳಕ್ಕೆ ಕೂತು ಎಷ್ಟು ಮಿಲಿಲೀಟರ್ ಗೆರೆಯವರೆಗೆ ನಿಂತಿದೆ ನೋಡಿ. ಅದೇ ಎಸ್‌ವಿ30. ನಿಮ್ಮದು 80. ಎಂಎಲ್‌ಎಸ್‌ಎಸ್ 3500 ಇರುವ ಆರೋಗ್ಯವಂತ ಟ್ಯಾಂಕಿನಲ್ಲಿ 300ರಿಂದ 400 ಬರುತ್ತದೆ. ಎಸ್‌ವಿ30ನ್ನು 1000ದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ ಭಾಗಿಸಿದರೆ ಎಸ್‌ವಿಐ. ನಿಮ್ಮದು 73. ಇದು ಒಳ್ಳೆಯ ಸುದ್ದಿ, ಇರುವ ಕೆಸರು ಚೆನ್ನಾಗಿ ಕೂರುತ್ತಿದೆ. ಇದು 150, 200 ದಾಟಿದರೆ ದಾರದಂಥ ಬ್ಯಾಕ್ಟೀರಿಯ ಬೆಳೆದು ಕೆಸರು ಉಬ್ಬಿದೆ ಅಂತ ಅರ್ಥ, ಅದಕ್ಕೆ ಬಲ್ಕಿಂಗ್ ಅನ್ನುತ್ತಾರೆ. ಜಾರಿನ ಬಣ್ಣವನ್ನೂ ನೋಡಿ. ಕಾಫಿಪುಡಿಯ ಕಂದು ಇರಬೇಕು. ಕಪ್ಪಾಗಿದ್ದರೆ ಗಾಳಿ ಸಾಲುತ್ತಿಲ್ಲ. ಕೂತ ಕೆಸರು ಒಂದೆರಡು ಗಂಟೆ ಬಿಟ್ಟ ಮೇಲೆ ಗುಳ್ಳೆಗಳ ಜೊತೆ ಮೇಲಕ್ಕೆ ಎದ್ದರೆ ಖುಷಿ ಪಡಿ. ನೈಟ್ರೇಟ್ ಒಡೆದು ನೈಟ್ರೋಜನ್ ಗಾಳಿಯಾಗಿ ಹೋಗುತ್ತಿದೆ, ಅಂದರೆ ಅಮೋನಿಯ ನೈಟ್ರೇಟ್ ಆಗುತ್ತಿದೆ. ನಿಮ್ಮಲ್ಲಿ ಸದ್ಯಕ್ಕೆ ಹಾಗೆ ಆಗಲಾರದು.

ಇನ್ನು ಡಿಒ, ನೀರಿನಲ್ಲಿ ಕರಗಿದ ಆಮ್ಲಜನಕ. ಏರೇಶನ್ ಟ್ಯಾಂಕಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ನಿಶ್ಚಿಂತೆ. 1ಕ್ಕಿಂತ ಇಳಿದರೆ ಮೊದಲು ಕೈಬಿಡುವವರು ನೈಟ್ರಿಫೈಯರ್‌ಗಳೇ. ಒಂದು ಮಿಲಿಗ್ರಾಂ ಅಮೋನಿಯ ನೈಟ್ರೋಜನ್‌ಗೆ 4.57 ಮಿಲಿಗ್ರಾಂ ಆಮ್ಲಜನಕ ಬೇಕು. ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು ಒಂದೂವರೆ ಕೆಜಿ ಅಮೋನಿಯ ನೈಟ್ರೋಜನ್ ಬರುತ್ತದೆ, ಅದಕ್ಕೇ 7 ಕೆಜಿ ಆಮ್ಲಜನಕ ಹೋಗುತ್ತದೆ. 13 ಕೆಜಿ ಬಿಒಡಿಯ ಖರ್ಚು ಬೇರೆ. ಅಮೋನಿಯದ ಖರ್ಚನ್ನು ಮರೆತು ಬ್ಲೋವರ್, ಅಂದರೆ ಗಾಳಿ ಊದುವ ಯಂತ್ರ, ಕೂರಿಸಿದ ಪ್ಲಾಂಟ್‌ಗಳಿವೆ. ಬ್ಲೋವರ್ ಸರಿಯಾಗಿದ್ದರೂ ಕರೆಂಟ್ ಬಿಲ್ ಉಳಿಸಲು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆಫ್ ಮಾಡುವ ಕಮಿಟಿಗಳೂ ಇವೆ. ನಿಮ್ಮ ಹಳೆಯ ಕಮಿಟಿ ಅಂಥ ಆದೇಶ ಕೊಟ್ಟಿತ್ತಾ ಅಂತ ನೋಡಿ. ವಾಸನೆ ಬೆಳಿಗ್ಗೆಯೇ ಜಾಸ್ತಿ ಅಂದದ್ದಕ್ಕೆ ನನಗೆ ಆ ಅನುಮಾನ. ಡಿಒ ಮೀಟರ್ ಒಂದನ್ನು ಅಸೋಸಿಯೇಶನ್ ದುಡ್ಡಲ್ಲಿ ಕೊಳ್ಳಿ. ಬೆಳಿಗ್ಗೆ ಐದು ಗಂಟೆಗೆ ಒಮ್ಮೆ ಅಳೆಯಿರಿ. ಲ್ಯಾಬ್‌ನವರು ಬರುವ ಹನ್ನೊಂದು ಗಂಟೆಗೆ ಎಲ್ಲ ಪ್ಲಾಂಟ್‌ಗಳೂ ಸಭ್ಯವಾಗಿಯೇ ಇರುತ್ತವೆ.

ಮೂತ್ರದ ವಾಸನೆ ಅಂದಿರಿ. ಅದು ಕೊಳೆತ ಮೊಟ್ಟೆಯ ವಾಸನೆ ಆಗಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಅದು ಹೈಡ್ರೋಜನ್ ಸಲ್ಫೈಡ್, ಗಾಳಿಯೇ ಇಲ್ಲದ ಕಡೆ ಹುಟ್ಟುವುದು. ಇದು ಬರೀ ನಾತದ ಮಾತಲ್ಲ. ಸಾಂದ್ರತೆ ಏರಿದರೆ ಮೂಗಿನ ಗ್ರಹಿಕೆಯೇ ಸತ್ತುಹೋಗುತ್ತದೆ, ವಾಸನೆ ಹೋಯಿತು ಅಂದುಕೊಂಡವನು ಅಲ್ಲೇ ಬೀಳುತ್ತಾನೆ. ತಳದಲ್ಲಿ ಗಾಳಿಗುಳ್ಳೆ ಬಿಡುವ ಡಿಫ್ಯೂಸರ್ ಕಟ್ಟಿಕೊಂಡಿದೆ, ಇಳಿದು ತೊಳೆದುಬಿಡು ಅಂತ ಯಾರನ್ನೂ ಟ್ಯಾಂಕಿಗೆ ಇಳಿಸಬೇಡಿ. ಎಸ್‌ಟಿಪಿಗಳಲ್ಲಿ ಹೀಗೆ ಜನ ಸತ್ತಿದ್ದಾರೆ. ಸುರಕ್ಷಾ ಸಾಧನ ಇಲ್ಲದೆ ಹೀಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಅಪರಾಧ ಎನ್ನುತ್ತದೆ. ಡಿಫ್ಯೂಸರ್‌ಗಳನ್ನು ಮೇಲಿನಿಂದಲೇ ಎತ್ತಿ ತೆಗೆಯುವ ಹಾಗೆ ಜೋಡಿಸಿಕೊಡಿ ಅಂತ ಕೇಳಿ.

ಈಗ ಇರುವ ವಾಸನೆಗೆ ಆಪರೇಟರ್ ಏನು ಮಾಡುತ್ತಿರುತ್ತಾರೆ ಅಂತ ಊಹಿಸಬಲ್ಲೆ. ಹೈಪೋ, ಅಂದರೆ ಕ್ಲೋರಿನ್ ದ್ರಾವಣ, ಜಾಸ್ತಿ ಸುರಿಯುತ್ತಾರೆ. ಅದರಿಂದ ಉಪಯೋಗ ಇಲ್ಲ. ಅಮೋನಿಯ ಇರುವವರೆಗೆ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ, ಅದಕ್ಕೇ ಬೇರೊಂದು ಘಾಟು. ಅಷ್ಟೂ ಅಮೋನಿಯವನ್ನು ಕ್ಲೋರಿನ್‌ನಿಂದಲೇ ಮುಗಿಸುತ್ತೇನೆ ಅಂದರೆ ಒಂದು ಪಾಲು ಅಮೋನಿಯ ನೈಟ್ರೋಜನ್‌ಗೆ ಸುಮಾರು 7.6 ಪಾಲು ಕ್ಲೋರಿನ್ ಬೇಕು. ನಿಮ್ಮ ಪ್ಲಾಂಟಿಗೆ ದಿನಕ್ಕೆ 12 ಕೆಜಿ. ಶೇಕಡಾ 10ರ ಹೈಪೋ ಲೆಕ್ಕದಲ್ಲಿ ದಿನಕ್ಕೆ ನೂರು ಲೀಟರ್ ದಾಟುತ್ತದೆ. ಬ್ಲೋವರ್ ಕರೆಂಟ್ ಇದಕ್ಕಿಂತ ಅಗ್ಗ ಅಲ್ವಾ?

ಉಳಿದ ಪದಗಳನ್ನು ಬೇಗ ಹೇಳಿಬಿಡುತ್ತೇನೆ. ಟಿಎಸ್‌ಎಸ್ ಅಂದರೆ ಫಿಲ್ಟರ್ ಕಾಗದದ ಮೇಲೆ ನಿಲ್ಲುವ ಘನ ವಸ್ತು, ಒಣಗಿಸಿ ತೂಗಿದ್ದು. ಕಾಗದದಲ್ಲಿ ಇಳಿದುಹೋಗುವ ಕರಗಿದ ಉಪ್ಪುಗಳು ಟಿಡಿಎಸ್. ನಿಮ್ಮ ಎಸ್‌ಟಿಪಿ ಟಿಡಿಎಸ್ ಇಳಿಸುವುದಿಲ್ಲ, ಇಳಿಸಲು ಕಟ್ಟಿದ್ದೂ ಅಲ್ಲ. ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಇಟ್ಟು ಮೂಟೆಗಟ್ಟಲೆ ಉಪ್ಪು ಹಾಕಿದರೆ ಅದು ಇನ್ನೂ ಏರುತ್ತದೆ, ಗಿಡಗಳು ಒಣಗುತ್ತವೆ, ಬೈಗುಳ ಆಪರೇಟರ್‌ಗೆ. ಫೀಕಲ್ ಕೋಲಿಫಾರ್ಮ್ ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯ. ಅದಕ್ಕೆ ಬರೆಯುವ ಎಂಪಿಎನ್ ಅನ್ನುವುದು ಎಣಿಸಿದ ಲೆಕ್ಕವಲ್ಲ. ಟ್ಯೂಬುಗಳಲ್ಲಿ ಬೆಳೆಸಿ, ಎಷ್ಟು ಟ್ಯೂಬಿನಲ್ಲಿ ಬೆಳೆಯಿತು ಅಂತ ನೋಡಿ, ಕೋಷ್ಟಕದಿಂದ ತೆಗೆದ ಅಂದಾಜು. ಹಾಗಾಗಿ 79 ಮತ್ತು 110ರ ನಡುವೆ ಜಗಳ ಆಡಬೇಡಿ. 79 ಮತ್ತು 7900ರ ನಡುವೆ ಆಡಿ. ಬಿಡಿಎಲ್ ಅಂತ ಬರೆದಿದ್ದರೆ ಸೊನ್ನೆ ಅಂತಲ್ಲ, ಅಳೆಯಬಲ್ಲ ಮಿತಿಗಿಂತ ಕೆಳಗೆ ಅಂತ. ಆ ಮಿತಿ ಎಷ್ಟು ಅಂತ ಕೇಳಿ.

ಮಾಡಬೇಕಾದ್ದು ಇಷ್ಟು. ಮೊದಲು ಅಮೋನಿಯ ನೈಟ್ರೋಜನ್, ನೈಟ್ರೇಟ್, ಆಲ್ಕಲಿನಿಟಿ (ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ) ಮೂರನ್ನೂ ಅಳೆಸಿ. ಅಮೋನಿಯ 20 ದಾಟಿ ನೈಟ್ರೇಟ್ ಇಲ್ಲವೇ ಇಲ್ಲ ಅಂತ ಬಂದರೆ ಮೇಲೆ ಹೇಳಿದ್ದೆಲ್ಲ ನಿಮಗೆ ಅನ್ವಯಿಸುತ್ತದೆ. ಬ್ಲೋವರ್‌ನ ರಾತ್ರಿ ಹೊತ್ತೂ ನಡೆಸಿ. ಎಂಎಲ್‌ಎಸ್‌ಎಸ್ 3000 ಮುಟ್ಟುವವರೆಗೆ ಕೆಸರು ಹೊರಗೆ ಹಾಕುವುದನ್ನು ನಿಲ್ಲಿಸಿ. ಬೇಗ ಆಗಬೇಕು ಅಂದರೆ ವಾಸನೆ ಇಲ್ಲದೆ ನಡೆಯುತ್ತಿರುವ ಹತ್ತಿರದ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಕೆಸರು ತಂದು ಏರೇಶನ್ ಟ್ಯಾಂಕಿಗೆ ಸುರಿಸಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯ ಪುಡಿಗೆ ದುಡ್ಡು ಸುರಿಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ತಂದ ಕೆಸರು ಕಂದು ಬಣ್ಣದ್ದೇ ಅಂತ ಜಾರಿನಲ್ಲಿ ನೋಡಿಕೊಂಡೇ ತನ್ನಿ.

ಆಮೇಲೆ ಮೂರು ನಾಲ್ಕು ವಾರ ಕಾಯಬೇಕು. ನೈಟ್ರಿಫೈಯರ್‌ಗಳು ಅವಸರಕ್ಕೆ ಬಗ್ಗುವುದಿಲ್ಲ. ವಾರಕ್ಕೊಮ್ಮೆ ಅಮೋನಿಯ ಅಳೆಸಿ ಬರೆದಿಡಿ. ಅರ್ಧಕ್ಕೆ ಇಳಿದು ಅಲ್ಲೇ ನಿಂತರೆ ಆಲ್ಕಲಿನಿಟಿ ನೋಡಿ. ಒಂದು ಮಿಲಿಗ್ರಾಂ ಅಮೋನಿಯ ನೈಟ್ರೋಜನ್ ನೈಟ್ರೇಟ್ ಆಗಲು 7 ಮಿಲಿಗ್ರಾಂ ಚಿಲ್ಲರೆ ಆಲ್ಕಲಿನಿಟಿ ಖರ್ಚಾಗುತ್ತದೆ. ಅದು ತೀರಿದರೆ ಪಿಎಚ್ ಕುಸಿದು ಎಲ್ಲ ನಿಂತುಹೋಗುತ್ತದೆ. ಬೋರ್‌ವೆಲ್ ನೀರು ಬಳಸುವ ಕಡೆ ಸಾಮಾನ್ಯವಾಗಿ ಈ ಕೊರತೆ ಬರುವುದಿಲ್ಲ, ಕಾವೇರಿ ನೀರಿನ ಕಟ್ಟಡಗಳಲ್ಲಿ ಬರಬಹುದು. ಹಾಗೇನಾದರೂ ಆದರೆ ನಾಲ್ಕು ವಾರದ ನಂಬರ್‌ಗಳನ್ನೂ, ನಿಮ್ಮ ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಬರೆದು ಕಳಿಸಿ. ಆಲ್ಕಲಿನಿಟಿ ಏರಿಸುವ ಸೋಡಾ ಆಶ್ ಎಷ್ಟು ಹಾಕಬೇಕು ಅಂತ ಲೆಕ್ಕ ಮಾಡಿ ಹೇಳುತ್ತೇನೆ.